ಅದೇ ಲಿಫ್ಟು, ಅದೇ ಬೆಳಿಗ್ಗೆ

"ಇವತ್ತು ಬೆಳಿಗ್ಗೆ ಲಿಫ್ಟ್‌ನಲ್ಲಿ ಬರ್ತಾ ಇದ್ದೆ..." ಅಂತ ವೇದಿಕೆ ಮೇಲಿದ್ದ ಸ್ಟ್ಯಾಂಡ್‌ಅಪ್ ಹಾಸ್ಯಗಾರ ಶುರು ಮಾಡಿದ. ಪಕ್ಕದಲ್ಲಿ ಕೂತಿದ್ದ ಗೆಳತಿ ಮೊಣಕೈಯಿಂದ ತಿವಿದಳು. ನಾನು ತಲೆ ಆಡಿಸಿದೆ. ಮುಂದಿನದೆಲ್ಲ ನಮ್ಮಿಬ್ಬರಿಗೂ ಗೊತ್ತಿತ್ತು.

ಲಿಫ್ಟ್‌ನಲ್ಲಿ ಅವನು ಬಟನ್ ಒತ್ತಿರುತ್ತಾನೆ. ಬಟನ್ ಕೆಂಪಗೆ ಉರಿಯುತ್ತಿರುತ್ತದೆ. ಆಮೇಲೆ ಒಬ್ಬರು ಒಳಗೆ ಬರುತ್ತಾರೆ. ಉರಿಯುತ್ತಿರುವ ಬಟನ್ ನೋಡುತ್ತಾರೆ. ಇವನ ಮುಖ ನೋಡುತ್ತಾರೆ. ಮತ್ತೆ ಬಟನ್ ನೋಡುತ್ತಾರೆ. ಆಮೇಲೆ ನಿಧಾನವಾಗಿ ಕೈ ಚಾಚಿ ಅದನ್ನೇ ಇನ್ನೊಂದು ಸಲ ಒತ್ತುತ್ತಾರೆ. ಇವನು ಯಾಕೆ ಅಂತ ಕೇಳಿದರೆ ಉತ್ತರ: "ಮನಸ್ಸಿಟ್ಟು ಒತ್ತಿಲ್ಲ ಸಾರ್ ನೀವು."

ಹಾಲ್ ಪೂರ್ತಿ ನಕ್ಕಿತು. ನಾವಿಬ್ಬರು ಮಾತ್ರ ನಗಲಿಲ್ಲ. ಒಂದು ವರ್ಷದ ಹಿಂದೆ ಹಾಕಿದ್ದ ವಿಡಿಯೋದಲ್ಲೂ ಅವನು "ಇವತ್ತು ಬೆಳಿಗ್ಗೆ"ಯೇ ಆ ಲಿಫ್ಟ್‌ನಲ್ಲಿ ಬಂದಿದ್ದ. ಪಾಪ, ಆ ಮನುಷ್ಯನಿಗೆ ದಿನಾ ಬೆಳಗಾದರೆ ಅದೇ ಲಿಫ್ಟು, ಅದೇ ಬಟನ್ನು.

ಶೋ ಇದ್ದದ್ದು ಸುಮಾರು ಒಂದು ಗಂಟೆ. ಅದರಲ್ಲಿ ನಲವತ್ತು ನಿಮಿಷ ನಾವು ಮೊದಲೇ ಫೋನಿನಲ್ಲಿ ನೋಡಿದ್ದು. ಗೆಳತಿ ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದಳು. ಹಳೇದು, ಹಳೇದು, ಇದು ಹೊಸದು, ಅಲ್ಲ ಇದೂ ಹಳೇದೇ, ಶರ್ಟ್ ಮಾತ್ರ ಬೇರೆ. ಕೊನೆಗೆ ಅವನು ಎದೆ ಮೇಲೆ ಕೈಯಿಟ್ಟು ಹೇಳಿದ: "ನಿಜ ಹೇಳ್ತೀನಿ, ನಿಮ್ಮಂಥ ಆಡಿಯನ್ಸ್ ನಾನು ನೋಡೇ ಇಲ್ಲ." ಈ ಸಾಲೂ ವಿಡಿಯೋದಲ್ಲಿ ಇತ್ತು. ಎದೆ ಮೇಲೆ ಕೈಯೂ ಇತ್ತು.

ವಾಪಸ್ ಬರುವಾಗ ದಾರಿಯುದ್ದಕ್ಕೂ ಬೈದೆವು. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಅಂದಳು ಅವಳು. ದುಡ್ಡು ಕೊಟ್ಟು ಪುನರ್‌ಪ್ರಸಾರ ನೋಡಿ ಬಂದೆವು ಅಂದೆ ನಾನು. ಆ ಮಾತು ನನಗೇ ತುಂಬ ಇಷ್ಟವಾಯಿತು. ಮುಂದಿನ ವಾರವೆಲ್ಲ ಸಿಕ್ಕಸಿಕ್ಕವರಿಗೆ ಅದನ್ನೇ ಹೇಳಿಕೊಂಡು ಓಡಾಡಿದೆ.

ಸಿಟ್ಟು ಇಳಿದ ಮೇಲೆ ಒಂದು ವಿಷಯ ಕೊರೆಯತೊಡಗಿತು. ಹಾಡುಗಾರರ ಕಾರ್ಯಕ್ರಮಕ್ಕೆ ಹೋದರೆ ನಾನು ಹೀಗೆ ಮಾಡುವುದಿಲ್ಲ. ಅಲ್ಲಿ ಉಲ್ಟಾ. ಹೊಸ ಹಾಡು ಹಾಡಿದರೆ ಜನ ಫೋನ್ ನೋಡಿಕೊಳ್ಳುತ್ತಾರೆ. ಇಪ್ಪತ್ತು ವರ್ಷದ ಹಿಂದಿನ ಹಾಡಿನ ಮೊದಲ ತುಣುಕು ಕೇಳಿದ ತಕ್ಷಣ ಎದ್ದು ನಿಲ್ಲುತ್ತಾರೆ. ಆ ಹಾಡು ಹಾಡದೇ ಹೋದರೆ ಜಗಳಕ್ಕೇ ನಿಲ್ಲುತ್ತಾರೆ. ಹಾಡಿಗೆ ಇರುವ ಈ ಭಾಗ್ಯ ಜೋಕಿಗೆ ಯಾಕಿಲ್ಲ?

ಮೊದಲು ಹೊಳೆಯುವ ಉತ್ತರ ಸುಲಭ. ಜೋಕು ನಿಂತಿರುವುದೇ ಅನಿರೀಕ್ಷಿತದ ಮೇಲೆ. ಜರ್ಮನ್ ತತ್ವಜ್ಞಾನಿ ಕಾಂಟ್ 1790ರಲ್ಲೇ ಇದನ್ನು ಬರೆದಿದ್ದ. ನಾವು ಏನನ್ನೋ ಬಿಗಿಯಾಗಿ ಕಾಯುತ್ತಿರುತ್ತೇವೆ, ಆ ಕಾಯುವಿಕೆ ಇದ್ದಕ್ಕಿದ್ದಂತೆ ಏನೂ ಇಲ್ಲದ್ದಾಗಿ ಬಿಡುತ್ತದೆ, ಆಗ ನಗು ಬರುತ್ತದೆ ಅಂತ ಅವನ ಲೆಕ್ಕ. ಈ ಲೆಕ್ಕದಲ್ಲಿ ಒಂದು ಜೋಕಿಗೆ ಒಂದೇ ಜನ್ಮ. ಗುಟ್ಟು ಗೊತ್ತಾದ ಮೇಲೆ ಏನು ಉಳಿಯುತ್ತದೆ?

ಆದರೆ ಈ ಉತ್ತರ ನನಗೆ ಪೂರ್ತಿ ಹಿಡಿಸುವುದಿಲ್ಲ. ಯಾಕೆಂದರೆ ಗೊತ್ತಿರುವ ಜೋಕಿಗೂ ನಾವು ಧಾರಾಳವಾಗಿ ನಗುತ್ತೇವೆ. ಜರ್ಮನಿಯಲ್ಲಿ ಪ್ರತಿವರ್ಷ ಡಿಸೆಂಬರ್ 31ರಂದು ಟೀವಿಯಲ್ಲಿ 'ಡಿನ್ನರ್ ಫಾರ್ ಒನ್' ಅನ್ನುವ ಪುಟ್ಟ ಪ್ರಹಸನ ಹಾಕುತ್ತಾರೆ. 1963ರಲ್ಲಿ ಚಿತ್ರೀಕರಿಸಿದ್ದು. ಒಬ್ಬ ಮುದುಕಿ, ಒಬ್ಬ ಬಟ್ಲರ್, ನೆಲದ ಮೇಲೆ ತಲೆ ಸಮೇತ ಹಾಸಿದ ಹುಲಿಚರ್ಮ. ಬಟ್ಲರ್ ಹೋಗುವಾಗ ಬರುವಾಗ ಆ ಹುಲಿ ತಲೆಗೆ ಎಡವುತ್ತಾನೆ. ಕುಡಿಯುತ್ತಾ ಕುಡಿಯುತ್ತಾ ಇನ್ನೂ ಜೋರಾಗಿ ಎಡವುತ್ತಾನೆ. ನಡುವೆ ಒಂದು ಸಲ ಎಡವದೇ ಹೋಗಿಬಿಡುತ್ತಾನೆ, ಆಗ ಅವನಿಗೇ ಆಶ್ಚರ್ಯ. ಇಷ್ಟೇ. ಅವನು ಪ್ರತಿ ಸಲ ಎಡವುವುದೂ ಮನೆಮಂದಿಗೆಲ್ಲ ಬಾಯಿಪಾಠ. ಆದರೂ ನೋಡುತ್ತಾರೆ, ನಗುತ್ತಾರೆ. ಬಟ್ಲರ್ ಪ್ರತಿ ಸಲವೂ "ಹೋದ ವರ್ಷದ ಹಾಗೇನಾ?" ಅಂತ ಕೇಳುತ್ತಾನೆ, ಆಕೆ "ಪ್ರತಿವರ್ಷದ ಹಾಗೇ" ಅನ್ನುತ್ತಾಳೆ. ನೋಡುವವರ ಆಸೆಯೂ ಅದೇ.

ಅಮೆರಿಕದ ಆಬಟ್ ಮತ್ತು ಕಾಸ್ಟೆಲೊ ಹಾಸ್ಯಜೋಡಿಯ ಬೇಸ್‌ಬಾಲ್ ಸಂಭಾಷಣೆಯೂ ಹೀಗೇ. ಆಟಗಾರರ ಹೆಸರೇ "ಯಾರು", "ಏನು", "ಗೊತ್ತಿಲ್ಲ". ಮೊದಲ ಬೇಸ್‌ನಲ್ಲಿ ಯಾರು ಅಂತ ಒಬ್ಬ ಕೇಳಿದರೆ, ಹೌದು ಅಂತ ಇನ್ನೊಬ್ಬನ ಉತ್ತರ. 1938ರಲ್ಲಿ ರೇಡಿಯೋದಲ್ಲಿ ದೇಶಕ್ಕೆಲ್ಲ ಕೇಳಿಸಿದ ಮೇಲೂ ಅದು ಸಾಯಲಿಲ್ಲ. ಅವರು ಹೋದಲ್ಲೆಲ್ಲ ಜನ ಅದನ್ನೇ ಕೇಳಿದರು. ಆಮೇಲೂ ವರ್ಷಗಟ್ಟಲೆ ರೇಡಿಯೋ, ಸಿನಿಮಾ, ಟೀವಿ ಎಲ್ಲ ಕಡೆ ಮಾಡುತ್ತಲೇ ಇದ್ದರು.

ಹಾಗಾದರೆ ಹಳೇ ಜೋಕಿಗೆ ನಗು ಬರುತ್ತದೆ. ಲಿಫ್ಟಿನ ಜೋಕಿಗೆ ಯಾಕೆ ಸಿಟ್ಟು ಬಂತು?

ನನಗೆ ಅನ್ನಿಸುವುದು ಇಷ್ಟು. ಹುಲಿಚರ್ಮಕ್ಕೆ ಎಡವುವವನು ನಾಟಕ ಮಾಡುತ್ತಿದ್ದಾನೆ ಅಂತ ನಮಗೆ ಗೊತ್ತು. ಹಾಡುವವಳು ಬರೆದಿಟ್ಟ ಹಾಡು ಹಾಡುತ್ತಿದ್ದಾಳೆ ಅಂತಲೂ ಗೊತ್ತು. ಸ್ಟ್ಯಾಂಡ್‌ಅಪ್‌ನವನು ಮಾತ್ರ ನಾಟಕ ಅಲ್ಲ ಅಂತ ನಾಟಕ ಮಾಡುತ್ತಾನೆ. ಅವನಿಗೆ ವೇಷ ಇಲ್ಲ, ಪಾತ್ರ ಇಲ್ಲ, ಪರದೆ ಇಲ್ಲ. ಒಂದು ಮೈಕು, ಒಂದು ಸ್ಟೂಲು, ಅದರ ಮೇಲೆ ಒಂದು ನೀರಿನ ಬಾಟಲಿ. ಗೆಳೆಯನ ಹಾಗೆ ಬಂದು ಸುಮ್ನೆ ಮಾತಾಡುತ್ತಾನೆ. ಮಧ್ಯೆ ತಡವರಿಸುತ್ತಾನೆ. ಏನೋ ಈಗ ನೆನಪಾಯಿತು ಅನ್ನುವ ಹಾಗೆ ಹಣೆ ಉಜ್ಜಿಕೊಳ್ಳುತ್ತಾನೆ. ತನ್ನ ಮಾತಿಗೆ ತಾನೇ ನಕ್ಕು, ಸಾರಿ ಸಾರಿ ಅನ್ನುತ್ತಾನೆ. ನಮಗೆ ಇದು ನಮ್ಮೊಂದಿಗೆ ನಡೆಯುತ್ತಿರುವ ಮಾತುಕತೆ ಅನ್ನಿಸುತ್ತದೆ. ಎರಡನೇ ಸಲ ನೋಡಿದಾಗ ಆ ತಡವರಿಕೆ ಅಲ್ಲೇ ಇರುತ್ತದೆ. ಹಣೆ ಉಜ್ಜುವುದೂ ಅದೇ ಜಾಗದಲ್ಲಿ. ಸಾರಿ ಕೂಡ ಎರಡೇ ಸಲ.

ಆಗ ಆಗುವ ನೋವು ಜೋಕಿನದ್ದಲ್ಲ. ಗೆಳತಿಯೊಬ್ಬಳು ನಿನಗೆ ಮಾತ್ರ ಹೇಳ್ತಾ ಇದ್ದೀನಿ ಅಂತ ಒಂದು ಗುಟ್ಟು ಹೇಳಿ, ಮಾರನೇ ದಿನ ಅದೇ ಪದಗಳಲ್ಲಿ, ಅದೇ ನಿಟ್ಟುಸಿರಿನ ಸಮೇತ ಇನ್ನೊಬ್ಬಳಿಗೆ ಹೇಳುವುದು ಕಿವಿಗೆ ಬಿದ್ದರೆ ಹೇಗಿರುತ್ತದೋ ಹಾಗೆ. ನನ್ನನ್ನು ಅವತ್ತು ಚುಚ್ಚಿದ್ದು ಲಿಫ್ಟ್ ಅಲ್ಲ. "ನಿಮ್ಮಂಥ ಆಡಿಯನ್ಸ್ ನೋಡೇ ಇಲ್ಲ" ಅನ್ನುವ ಆ ಸಾಲು. ಅದು ಹೊಟ್ಟೆಕಿಚ್ಚು ಅಂತ ಒಪ್ಪಿಕೊಳ್ಳುವುದಕ್ಕೆ ನನಗೆ ಬಹಳ ದಿನ ಬೇಕಾಯಿತು.

ಹಳೇ ಸರಕು ಓಡಿಸುವುದು ಈ ಕಾಲದ ಸೋಮಾರಿತನ ಅಂತ ತಿಳಿದುಕೊಂಡಿದ್ದೆ. ಅದೂ ತಪ್ಪು. ಮೊದಲು ಓಡುತ್ತಿದ್ದದ್ದೇ ಹಳೇ ಸರಕು. ಅಮೆರಿಕದಲ್ಲಿ ವಾಡ್‌ವಿಲ್ ಅನ್ನುವ ರಂಗಮಂದಿರಗಳ ಜಾಲ ಇದ್ದ ಕಾಲದಲ್ಲಿ, ಅಂದರೆ 19ನೇ ಶತಮಾನದ ಕೊನೆಯಿಂದ 1920ರ ದಶಕದವರೆಗೆ, ಒಬ್ಬ ಹಾಸ್ಯಗಾರನ ಹತ್ತಿರ ಹತ್ತು ಹದಿನೈದು ನಿಮಿಷದ ಒಂದು ಗಟ್ಟಿ ಆಕ್ಟ್ ಇದ್ದರೆ ಸಾಕಿತ್ತು. ಅದನ್ನು ಹೊತ್ತುಕೊಂಡು ಊರಿಂದ ಊರಿಗೆ ರೈಲಿನಲ್ಲಿ ಹೋಗುತ್ತಿದ್ದ. ಒಂದು ಸುತ್ತು ಮುಗಿಸಿ ಮೊದಲಿನ ಊರಿಗೆ ಬರುವಷ್ಟರಲ್ಲಿ ಅಲ್ಲಿನವರಿಗೆ ಮರೆತೇ ಹೋಗಿರುತ್ತಿತ್ತು. ಹೀಗೆ ವರ್ಷಗಟ್ಟಲೆ. ಆಮೇಲೆ ರೇಡಿಯೋ ಬಂತು, ಟೀವಿ ಬಂತು. ಹತ್ತು ವರ್ಷ ಅನ್ನ ಹಾಕುತ್ತಿದ್ದ ಆಕ್ಟನ್ನು ಇಡೀ ದೇಶ ಒಂದೇ ರಾತ್ರಿಯಲ್ಲಿ ನೋಡಿ ಮುಗಿಸಿಬಿಟ್ಟಿತು. ನಾಳೆ ಏನು?

ಈ "ನಾಳೆ ಏನು" ಅನ್ನುವ ಭಯ ಹಾಸ್ಯಗಾರರನ್ನು ಗುಮಾಸ್ತರನ್ನಾಗಿ ಮಾಡಿತು ಅಂದರೆ ತಪ್ಪಿಲ್ಲ. ಬಾಬ್ ಹೋಪ್ ಅವರ ಜೋಕುಗಳ ಕಡತ ಈಗ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ. 85,000ಕ್ಕೂ ಜಾಸ್ತಿ ಪುಟ. ಫಿಲಿಸ್ ಡಿಲ್ಲರ್ ಅವರದು ಇನ್ನೂ ಚೆಂದ. ಆಕೆ ಮೊದಲ ಸಲ ವೇದಿಕೆ ಹತ್ತಿದ್ದು 1955ರಲ್ಲಿ, 37ನೇ ವಯಸ್ಸಿಗೆ, ಐದು ಮಕ್ಕಳ ತಾಯಿಯಾದ ಮೇಲೆ. ತಮ್ಮ ಜೋಕುಗಳನ್ನು ಒಂದೊಂದಾಗಿ ಪುಟ್ಟ ಕಾರ್ಡುಗಳ ಮೇಲೆ ಟೈಪ್ ಮಾಡಿ, ವಿಷಯದ ಪ್ರಕಾರ ವಿಂಗಡಿಸಿ, ಸ್ಟೀಲ್ ಬೀರುವಿನ ಸಾಲು ಸಾಲು ಖಾನೆಗಳಲ್ಲಿ ಇಟ್ಟರು. ಒಟ್ಟು 52,000ಕ್ಕೂ ಜಾಸ್ತಿ ಕಾರ್ಡು. ಆ ಬೀರು ಈಗ ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿದೆ. 2017ರಲ್ಲಿ ಸ್ವಯಂಸೇವಕರು ಕೂತು ಅಷ್ಟೂ ಕಾರ್ಡುಗಳನ್ನು ಕಂಪ್ಯೂಟರಿಗೆ ಟೈಪ್ ಮಾಡಿದರು. ಗಂಡನ ಮೇಲಿನ ಜೋಕು ಬೇಕಾದರೆ ಈ ಖಾನೆ, ಅಡುಗೆಯದ್ದು ಬೇಕಾದರೆ ಆ ಖಾನೆ. ಯಾರೂ ಒಂದು ಸಲ ಹೇಳಿ ಬಿಸಾಡುವುದಕ್ಕೆ ಇಷ್ಟು ಜೋಪಾನ ಮಾಡುವುದಿಲ್ಲ, ಅಲ್ವಾ?

ಪ್ರತಿವರ್ಷ ಹೊಸದು ಕೊಡಲೇಬೇಕು ಅನ್ನುವ ಹಟ ಬಂದದ್ದು ಆಮೇಲೆ. ಅದಕ್ಕೆ ಎಲ್ಲರೂ ಬೆರಳು ತೋರಿಸುವುದು ಅಮೆರಿಕದ ಹಾಸ್ಯಗಾರ ಜಾರ್ಜ್ ಕಾರ್ಲಿನ್ ಕಡೆ. 1977ರಿಂದ 2008ರ ನಡುವೆ ಆತ ಎಚ್‌ಬಿಓ ಚಾನೆಲ್‌ಗೆ 14 ಸ್ಪೆಷಲ್‌ಗಳನ್ನು, ಅಂದರೆ ರೆಕಾರ್ಡ್ ಮಾಡಿ ಟೀವಿಯಲ್ಲಿ ತೋರಿಸುವ ಇಡೀ ಶೋಗಳನ್ನು ಮಾಡಿದ. ಒಂದು ರೆಕಾರ್ಡ್ ಆಯಿತು ಅಂದರೆ ಆ ಸರಕು ಮುಗಿಯಿತು, ಮತ್ತೆ ಬಿಳಿ ಹಾಳೆ. ಕೊನೆಯದನ್ನು ಮಾಡಿ ಕೆಲವೇ ತಿಂಗಳಿಗೆ ತೀರಿಕೊಂಡ, ಆಗ 71 ವರ್ಷ. ಅವನದೇ ಒಂದು ಕಥೆ ಈ ಮಾತಿಗೆ ಚೆನ್ನಾಗಿ ಹೊಂದುತ್ತದೆ. 2001ರ ಸೆಪ್ಟೆಂಬರ್ 9 ಮತ್ತು 10ರಂದು ಲಾಸ್ ವೇಗಸ್‌ನಲ್ಲಿ ಹೊಸ ಶೋ ರೆಕಾರ್ಡ್ ಮಾಡಿಸಿದ. ತುಂಬಾ ಜನ ಸತ್ತರೆ ನನಗೆ ಒಂಥರಾ ಖುಷಿ ಅನ್ನುವ ಅರ್ಥದ ಹೆಸರು ಅದಕ್ಕೆ. ಮರುದಿನ ಬೆಳಿಗ್ಗೆ ನ್ಯೂಯಾರ್ಕಿನ ಎರಡು ಗೋಪುರಗಳು ಉರುಳಿದವು. ಆ ರೆಕಾರ್ಡಿಂಗ್ ಮೂಲೆ ಸೇರಿತು. ಹೊಚ್ಚಹೊಸ ಸರಕು ಒಂದೇ ರಾತ್ರಿಯಲ್ಲಿ ಹೇಳಬಾರದ ಸರಕಾಯಿತು. ನವೆಂಬರ್‌ನಲ್ಲಿ ಬೇರೆ ಹೆಸರಿಟ್ಟು ಶೋ ಮಾಡಿದ. ಆ ಹಳೇ ರೆಕಾರ್ಡಿಂಗ್ ಹೊರಬಂದದ್ದು 2016ರಲ್ಲಿ, ಅವನು ಸತ್ತು ಎಂಟು ವರ್ಷಕ್ಕೆ. ಜೋಕು ಹಳತಾಗುವುದಕ್ಕೆ ಹತ್ತು ಸಲ ಹೇಳಲೇಬೇಕು ಅಂತೇನಿಲ್ಲ.

ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಪ್ರತಿ ಆಗಸ್ಟ್‌ನಲ್ಲಿ ನಡೆಯುವ ಫ್ರಿಂಜ್ ಉತ್ಸವ ಈ ಹಟಕ್ಕೆ ಇನ್ನಷ್ಟು ಕಾವು ಕೊಟ್ಟಿತು. ಅಲ್ಲಿಗೆ ಹೋಗುವ ಕಲಾವಿದರು ಒಂದು ಗಂಟೆಯ ಹೊಸ ಶೋ ಹಿಡಿದುಕೊಂಡೇ ಹೋಗಬೇಕು ಅನ್ನುವುದು ರೂಢಿ. ಅದಕ್ಕೂ ಮೊದಲು ತಿಂಗಳುಗಟ್ಟಲೆ 'ವರ್ಕ್ ಇನ್ ಪ್ರೋಗ್ರೆಸ್' ಅಂತ ಬೋರ್ಡು ಹಾಕಿಕೊಂಡು, ಸಣ್ಣ ಸಣ್ಣ ಜಾಗಗಳಲ್ಲಿ, ಕೈಯಲ್ಲಿ ಚೀಟಿ ಹಿಡಿದುಕೊಂಡು ಅದನ್ನು ತಿದ್ದುತ್ತಾರೆ. ಈ ಬೋರ್ಡು ನನಗೆ ಬಹಳ ಇಷ್ಟ. ಅಡುಗೆ ಇನ್ನೂ ಒಲೆ ಮೇಲಿದೆ, ರುಚಿ ನೋಡುವವರು ಬನ್ನಿ ಅಂತ ಮೊದಲೇ ಹೇಳಿದ ಹಾಗೆ.

ಅವನ ಲಿಫ್ಟನ್ನು ನಾನು ಎರಡನೇ ಸಲ ಹತ್ತಿದ್ದು ಇಂಥದ್ದೇ ಒಂದು ಜಾಗದಲ್ಲಿ. ಮೊದಲ ಶೋ ಆಗಿ ನಾಲ್ಕು ತಿಂಗಳಾಗಿತ್ತು. ಅವನಿಗೋಸ್ಕರ ಹೋದದ್ದಲ್ಲ. ಐದಾರು ಜನ ಹೊಸಬರು ತಲಾ ಹತ್ತು ನಿಮಿಷ ಮಾಡುವ ಸಂಜೆ. ಕೊನೆಯಲ್ಲಿ ಹೇಳದೇ ಕೇಳದೇ ಅವನು ಬಂದ. ಕೈಯಲ್ಲಿ ಒಂದು ಸಣ್ಣ ನೋಟ್‌ಬುಕ್. ನಲವತ್ತು ಕುರ್ಚಿಯಲ್ಲಿ ಹತ್ತೋ ಹದಿನೈದೋ ಖಾಲಿ.

ಮೊದಲು ಹೇಳಿದ ಎರಡು ಹೊಸ ಜೋಕುಗಳು ನೆಲಕ್ಕೆ ಬಿದ್ದವು. ಬಿದ್ದದ್ದು ಎಲ್ಲರಿಗೂ ಕೇಳಿಸಿತು. ಯಾರೋ ಕೆಮ್ಮಿದರು. ಅವನು ನೋಟ್‌ಬುಕ್ ತೆಗೆದು ಏನೋ ಗೀಚಿಕೊಂಡ. ಆಮೇಲೆ ಶುರು ಮಾಡಿದ: "ಇವತ್ತು ಬೆಳಿಗ್ಗೆ ಲಿಫ್ಟ್‌ನಲ್ಲಿ..."

ಮುಳುಗುವವನು ಹಗ್ಗ ಹಿಡಿದ ಹಾಗೆ ಇತ್ತು ಅದು. ನನಗೆ ಈ ಸಲ ಸಿಟ್ಟು ಬರಲಿಲ್ಲ. ಜೋಕು ಗೊತ್ತಿದ್ದುದರಿಂದ ಕಿವಿ ಬೇರೆ ಕಡೆ ಹೋಯಿತು. ಮೊದಲು ಲಿಫ್ಟಿಗೆ ಬರುವವನು ಬರೀ "ಒಬ್ಬರು" ಆಗಿದ್ದ. ಈಗ "ವಾಚ್ ನೋಡಿಕೊಂಡೇ ಬಂದ ಒಬ್ಬರು" ಆಗಿದ್ದ. ಮೂರೇ ಪದ ಜಾಸ್ತಿ, ಆದರೆ ಆ ಮನುಷ್ಯನ ಅರ್ಜೆಂಟು, ಅನುಮಾನ, ಆಫೀಸು ಎಲ್ಲ ಕಣ್ಣಿಗೆ ಬಂತು. ಮಧ್ಯದಲ್ಲಿದ್ದ ನಾಲ್ಕು ವಾಕ್ಯ ಮಾಯವಾಗಿದ್ದವು. ಮುಖ್ಯವಾಗಿ ಕೊನೆಯ ಸಾಲು ಬದಲಾಗಿತ್ತು.

ವಿಡಿಯೋದಲ್ಲಿ ಇದ್ದದ್ದು "ಮನಸ್ಸಿಟ್ಟು ಒತ್ತಿಲ್ಲ ಸಾರ್ ನೀವು." ಈಗ ಹೀಗಾಗಿತ್ತು: "ಒತ್ತಿದ್ದೀರಿ ಸಾರ್. ನೋಡಿದೆ. ಇಲ್ಲ ಅನ್ನಲ್ಲ. ಆದ್ರೆ..." ಇಲ್ಲಿ ಒಂದು ಗ್ಯಾಪು. ಉಸಿರು ಬಿಗಿ ಹಿಡಿಯುವಷ್ಟು ಉದ್ದದ ಗ್ಯಾಪು. "...ಮನಸ್ಸಿಟ್ಟು?"

ಪೂರ್ತಿ ತುಂಬದ ಆ ಕೋಣೆ ನಕ್ಕ ರೀತಿಯೇ ಬೇರೆ. ನಾನೂ ನಕ್ಕೆ. ಮನೆಗೆ ಬಂದು ಅದನ್ನೇ ಯೋಚಿಸಿದೆ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬಂದು ಕೂರುತ್ತದೆ. ಮಾತಾಡುವುದಕ್ಕೆ ಅದು ಸರಿ, ಜೋಕಿಗೆ ಮಾತ್ರ ದೊಡ್ಡ ತೊಡಕು. ನಗಿಸುವ ಪದ ಇಲ್ಲಿ "ಮನಸ್ಸಿಟ್ಟು". ಮೊದಲಿನ ಸಾಲಿನಲ್ಲಿ ಅದು ಮುಂದೆಯೇ ಬಂದು, ಅದರ ಹಿಂದೆ "ಒತ್ತಿಲ್ಲ ಸಾರ್ ನೀವು" ಅಂತ ಮೂರು ಪದಗಳು ಬಾಲದ ಹಾಗೆ ನೇತಾಡುತ್ತಿದ್ದವು. ಜನ ನಗಲು ಶುರು ಮಾಡಿದ್ದರು, ಅವನ ಮಾತು ಇನ್ನೂ ಮುಗಿದಿರಲಿಲ್ಲ. ಈಗ ಆ ಪದವನ್ನು ಎತ್ತಿ ಕಟ್ಟಕಡೆಗೆ ಇಟ್ಟಿದ್ದ. ಅದರಾಚೆ ಏನೂ ಇಲ್ಲ, ನಗು ಮಾತ್ರ. ಈ ಒಂದು ಪದ ಅಲ್ಲಿಂದ ಇಲ್ಲಿಗೆ ಬರುವುದಕ್ಕೆ ಎಷ್ಟು ರಾತ್ರಿ ಹಿಡಿಯಿತೋ.

ಕೂತು ಬರೆಯುವವರಿಗೆ ಈ ಕಷ್ಟ ಇಲ್ಲ. ನಾನು ಈ ಬರಹವನ್ನು ಮನೆಯಲ್ಲಿ ಯಾರಿಗೂ ಕಾಣದ ಹಾಗೆ ಹತ್ತು ಸಲ ತಿದ್ದಬಹುದು. ಸ್ಟ್ಯಾಂಡ್‌ಅಪ್‌ನವರಿಗೆ ತಿದ್ದುವ ಜಾಗವೇ ವೇದಿಕೆ. ಕನ್ನಡಿ ಮುಂದೆ ಎಷ್ಟು ಹೇಳಿಕೊಂಡರೂ ಕನ್ನಡಿ ನಗುವುದಿಲ್ಲ. ನಗುವಿನ ಬಗ್ಗೆ ಅಧ್ಯಯನ ಮಾಡಿದ ಅಮೆರಿಕದ ವಿಜ್ಞಾನಿ ರಾಬರ್ಟ್ ಪ್ರೊವೈನ್ ಕಂಡುಕೊಂಡದ್ದು, ಜನ ಒಬ್ಬರೇ ಇರುವಾಗ ನಗುವುದಕ್ಕಿಂತ ಜೊತೆಯಲ್ಲಿರುವಾಗ ಸುಮಾರು 30 ಪಟ್ಟು ಜಾಸ್ತಿ ನಗುತ್ತಾರೆ ಅಂತ. ಜೋಕಿನ ಅರ್ಧ ಭಾಗ ಕೇಳುವವರ ಹತ್ತಿರ ಇದೆ ಅಂದ ಹಾಗಾಯಿತು. ಆ ಅರ್ಧ ಸಿಗಬೇಕಾದರೆ ಜನರ ಮುಂದೆ ಹೇಳಲೇಬೇಕು. ಇವತ್ತು, ನಾಳೆ, ನಾಡಿದ್ದು. ನಾವು ಹಳೇದು ಅಂತ ಬೈಯುವುದನ್ನು ಅವರು ರಿಹರ್ಸಲ್ ಅನ್ನುತ್ತಾರೆ.

ಇದನ್ನು ನೋಡಬೇಕು ಅಂದರೆ ಅಮೆರಿಕದ ಹಾಸ್ಯಗಾರ ಜೆರ್ರಿ ಸೈನ್‌ಫೆಲ್ಡ್ ಮಾಡಿದ ಕೆಲಸ ನೋಡಬೇಕು. ತನ್ನ ಟೀವಿ ಧಾರಾವಾಹಿ ಮುಗಿದ ವರ್ಷ, 1998ರಲ್ಲಿ, ಹಳೇ ಜೋಕುಗಳನ್ನೆಲ್ಲ ಕೊನೆಯ ಸಲ ಹೇಳುತ್ತೇನೆ ಅಂತ ಘೋಷಿಸಿ ನ್ಯೂಯಾರ್ಕಿನ ಬ್ರಾಡ್‌ವೇನಲ್ಲಿ ಒಂದು ಶೋ ಮಾಡಿದ. ಕಾರ್ಯಕ್ರಮದ ಶುರುವಿನಲ್ಲಿ ಆ ಜೋಕುಗಳಿಗೆ ಶವಸಂಸ್ಕಾರದ ದೃಶ್ಯವೇ ಇತ್ತು. ಪೆಟ್ಟಿಗೆ, ಅಳುವವರು, ಎಲ್ಲ. ಆಮೇಲೆ ಖಾಲಿ ಕೈಯಲ್ಲಿ ಸಣ್ಣ ಕ್ಲಬ್ಬುಗಳಿಗೆ ಹೋಗಿ ಮೊದಲಿನಿಂದ ಶುರು ಮಾಡಿದ. 2002ರಲ್ಲಿ ಬಂದ ಒಂದು ಸಾಕ್ಷ್ಯಚಿತ್ರದಲ್ಲಿ ಅದೆಲ್ಲ ಇದೆ. ಅಮೆರಿಕದ ಮನೆಮನೆಗೂ ಗೊತ್ತಿರುವ ಮನುಷ್ಯ, ಮೈಕ್ ಮುಂದೆ ನಿಂತು ಮುಂದಿನ ಸಾಲು ಮರೆತು ಚೀಟಿ ಹುಡುಕುತ್ತಾನೆ. ಹೊಸದಾಗಿ ಐದು ನಿಮಿಷ ಕಟ್ಟುವುದಕ್ಕೆ ಪಡುವ ಪಾಡು ನೋಡಿದರೆ ಹಳೇದಕ್ಕೆ ಅಂಟಿಕೊಳ್ಳುವವರ ಮೇಲೆ ಕರುಣೆ ಬರುತ್ತದೆ.

ತಮಾಷೆ ಏನೆಂದರೆ, 2017ರಲ್ಲಿ ಅದೇ ಸೈನ್‌ಫೆಲ್ಡ್ ತಾನು ಶುರುವಿನ ದಿನಗಳಲ್ಲಿ ಹೇಳುತ್ತಿದ್ದ ಕ್ಲಬ್ಬಿಗೇ ವಾಪಸ್ ಬಂದು, ತನ್ನ ಮೊದಮೊದಲ ಜೋಕುಗಳನ್ನು ನೆಟ್‌ಫ್ಲಿಕ್ಸ್‌ಗೆ ಹೇಳಿದ. ಅದರಲ್ಲಿ ಒಂದು ದೃಶ್ಯ ಇದೆ. ಅಷ್ಟು ವರ್ಷ ಬರೆದಿಟ್ಟ ಹಳದಿ ಹಾಳೆಗಳನ್ನೆಲ್ಲ ರಸ್ತೆ ತುಂಬ ಹರಡಿ, ನಡುವೆ ಕೂತಿದ್ದಾನೆ. ಸಂಸ್ಕಾರ ಮಾಡಿದವನೇ 19 ವರ್ಷದ ಮೇಲೆ ಗೋರಿ ಅಗೆದಿದ್ದ. ನನಗೆ ಇದರಲ್ಲಿ ಮೋಸ ಕಾಣಲಿಲ್ಲ. ಇವು ಹಳೇವು ಅಂತ ಹೇಳಿಯೇ ಹೇಳಿದನಲ್ಲ.

ಮೋಸ ಎಲ್ಲಿ ಅಂತ ಕೇಳಿದರೆ ನನ್ನದು ಸ್ವಲ್ಪ ವಿಚಿತ್ರ ಲೆಕ್ಕ. "ಇವತ್ತು ಬೆಳಿಗ್ಗೆ" ಅನ್ನುವುದು ಮೋಸ ಅಲ್ಲ. ಅದು "ಒಂದಾನೊಂದು ಕಾಲದಲ್ಲಿ" ಅನ್ನುವ ಹಾಗೆ, ಕಥೆಯ ಬಾಗಿಲು ಅಷ್ಟೇ. ತಡವಾಗಿ ಬಂದವರಿಗೆ, ಫೋನ್ ರಿಂಗಾದವರಿಗೆ ತಟ್ಟಂತ ಕೊಡುವ ಉತ್ತರಗಳು ಮೊದಲೇ ಜೇಬಿನಲ್ಲಿದ್ದವು ಅಂತ ಗೊತ್ತಾದಾಗಲೂ ನನಗೇನೂ ಅನ್ನಿಸಲಿಲ್ಲ. ಫೋನ್ ರಿಂಗಾಗುವುದೇನು ಹೊಸದಾ? ಹಳೇ ಪ್ರಶ್ನೆಗೆ ಹಳೇ ಉತ್ತರ. ಆದರೆ ಪೋಸ್ಟರಿನಲ್ಲಿ "ಹೊಚ್ಚಹೊಸ ಶೋ" ಅಂತ ದೊಡ್ಡದಾಗಿ ಬರೆದು, ಯೂಟ್ಯೂಬಿನಲ್ಲಿ ಬಿಟ್ಟಿ ಸಿಗುವುದನ್ನೇ ಹೇಳಿ ಕಳಿಸಿದರೆ ಅದು ಮೋಸ. ರೆಕಾರ್ಡ್ ಮಾಡಿ ಒಂದು ಸಲ ಮಾರಿದ್ದನ್ನು ಇನ್ನೊಂದು ಹೆಸರಿನಲ್ಲಿ ಮತ್ತೆ ರೆಕಾರ್ಡ್ ಮಾಡಿ ಮಾರಿದರೆ ಅದಂತೂ ಶುದ್ಧ ಮೋಸ. ಇನ್ನು "ನಿಮ್ಮಂಥ ಆಡಿಯನ್ಸ್..." ಅದನ್ನು ಮಾತ್ರ ನಾನು ಇನ್ನೂ ಕ್ಷಮಿಸಿಲ್ಲ. ಜೋಕು ಎಷ್ಟು ಸಲ ಬೇಕಾದರೂ ಹೇಳಲಿ, ಪ್ರೀತಿಯನ್ನು ಬಾಯಿಪಾಠ ಒಪ್ಪಿಸಬಾರದು.

ಈಗಿನವರ ಕಷ್ಟವೂ ಕಾಣುತ್ತದೆ. ಹೆಸರು ಮಾಡಬೇಕಾದರೆ ವಿಡಿಯೋ ಹಾಕಬೇಕು. ವಿಡಿಯೋ ಹಾಕಿದರೆ ಆ ಜೋಕು ಸುಟ್ಟುಹೋಯಿತು. ಅವರ ಭಾಷೆಯಲ್ಲೇ "ಬರ್ನ್" ಆಯಿತು. ಆ ವಿಡಿಯೋ ನೋಡಿಯೇ ಜನ ಟಿಕೆಟ್ ತಗೊಳ್ಳುತ್ತಾರೆ, ಬಂದು ಅದನ್ನು ನೋಡಿದ್ದೇವೆ ಅಂತ ಗೊಣಗುತ್ತಾರೆ. ಇದಕ್ಕೆ ಉಪಾಯ ಕಂಡುಕೊಂಡಿದ್ದಾರೆ. ಮುಂದಿನ ಸಾಲಿನಲ್ಲಿ ಕೂತವರನ್ನು ಏನು ಕೆಲಸ, ಮದುವೆ ಆಯ್ತಾ ಅಂತ ಮಾತಾಡಿಸುವ ಕ್ರೌಡ್ ವರ್ಕ್ ತುಣುಕುಗಳನ್ನು ಮಾತ್ರ ರೀಲ್ಸ್‌ಗೆ ಹಾಕುವುದು. ಅದು ಆ ರಾತ್ರಿಯದ್ದು, ಸುಟ್ಟರೂ ನಷ್ಟ ಇಲ್ಲ. ಬರೆದಿಟ್ಟದ್ದು ಪೆಟ್ಟಿಗೆಯಲ್ಲಿ ಭದ್ರ. ದೊಡ್ಡ ಹೆಸರಿನವರಲ್ಲಿ ಕೆಲವರು ಬಾಗಿಲಲ್ಲೇ ಪ್ರೇಕ್ಷಕರ ಫೋನುಗಳನ್ನು ಬೀಗ ಬೀಳುವ ಚೀಲದಲ್ಲಿ ಹಾಕಿಸುತ್ತಾರೆ. ಶೋ ಮುಗಿಯುವವರೆಗೆ ಚೀಲ ನಿಮ್ಮ ಕೈಯಲ್ಲೇ ಇರುತ್ತದೆ, ತೆಗೆಯುವುದಕ್ಕೆ ಆಗುವುದಿಲ್ಲ. ವಾಡ್‌ವಿಲ್ ಕಾಲದ ಹಾಸ್ಯಗಾರನಿಗೆ ತಾನಾಗಿಯೇ ಸಿಗುತ್ತಿದ್ದ ಮರೆವನ್ನು ಇವರು ಬೀಗ ಹಾಕಿ ಸಂಪಾದಿಸಬೇಕಾಗಿದೆ.

ಹೋದ ವರ್ಷ ನನ್ನ ತಂಗಿ ಬಂದಿದ್ದಳು. ಅವಳಿಗೆ ಸ್ಟ್ಯಾಂಡ್‌ಅಪ್ ಅಂದರೆ ಅಷ್ಟಕ್ಕಷ್ಟೆ. ಅವನದು ಒಂದು ಲಿಫ್ಟ್ ಜೋಕಿದೆ, ಅದನ್ನು ಎದುರಿಗೆ ಕೂತು ಕೇಳಬೇಕು ಕಣೇ ಅಂತ ಎಳೆದುಕೊಂಡು ಹೋದೆ. ಈ ಸಲ ದೊಡ್ಡ ಹಾಲು. ಹೌಸ್‌ಫುಲ್. ಅವನು ಶುರು ಮಾಡಿದ. ಒಂದೂ ಗೊತ್ತಿಲ್ಲದ ಜೋಕು. ಅಪ್ಪನ ಆಪರೇಷನ್ನಿನ ಬಗ್ಗೆ, ತನ್ನ ಗೊರಕೆ ಬಗ್ಗೆ, ಬಾಡಿಗೆ ಮನೆ ಹುಡುಕುವುದರ ಬಗ್ಗೆ. ಚೆನ್ನಾಗಿಯೇ ಇದ್ದವು. ತಂಗಿ ಎರಡು ಕಡೆ ಜೋರಾಗಿ ನಕ್ಕಳು. ನಾನು ಮಾತ್ರ ಈಗ ಬರುತ್ತೆ, ಈಗ ಬರುತ್ತೆ ಅಂತ ಕಾಯುತ್ತಲೇ ಇದ್ದೆ. ಅವನು ನೀರು ಕುಡಿದು ಬಾಟಲಿ ಕೆಳಗಿಟ್ಟಾಗಲೆಲ್ಲ ಅವಳ ಕೈ ಹಿಡಿದು ಅದುಮುತ್ತಿದ್ದೆ. ಒಂದು ಗಂಟೆ ಐದು ನಿಮಿಷ ಆಯಿತು. ಥ್ಯಾಂಕ್ಯೂ ಅಂದು ಹೊರಟುಹೋದ. ಲಿಫ್ಟ್ ಬರಲೇ ಇಲ್ಲ. ನಿಮ್ಮಂಥ ಆಡಿಯನ್ಸ್ ಕೂಡ ಬರಲಿಲ್ಲ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇಷ್ಟು ದೂರ ಕರೆದುಕೊಂಡು ಬಂದಿದ್ದೇನೆ, ಅದೊಂದು ಹೇಳುವುದಕ್ಕೆ ಏನಾಗಿತ್ತು ಇವನಿಗೆ? ಪಾರ್ಕಿಂಗ್‌ನಲ್ಲಿ ಕಾರಿನ ಬಾಗಿಲು ಸ್ವಲ್ಪ ಜೋರಾಗಿಯೇ ಹಾಕಿದೆ.

"ಬಿಡು ಅಕ್ಕ, ನೀನೇ ಹೇಳು ಅದೇನು ಅಂತ," ಅಂದಳು ತಂಗಿ.

ಹೇಳಿದೆ. ವಾಚ್ ನೋಡಿಕೊಂಡು ಬರುವ ಮನುಷ್ಯನನ್ನು ತಂದೆ. ಬಟನ್ ಉರಿಸಿದೆ. ಅವನ ಮುಖ ನೋಡಿಸಿದೆ. ಸ್ಟೇರಿಂಗ್ ಬಿಟ್ಟು ಒಂದು ಬೆರಳಿನಿಂದ ಗಾಳಿಯಲ್ಲಿ ನಿಧಾನವಾಗಿ ಒತ್ತಿಯೂ ತೋರಿಸಿದೆ. ಕೊನೆಯ ಪದ ಹೇಳಿ ಅವಳ ಕಡೆ ತಿರುಗಿದೆ.

ಅವಳು ನನ್ನನ್ನೇ ನೋಡುತ್ತಿದ್ದಳು. ಇನ್ನೂ ಏನೋ ಬಾಕಿ ಇದೆ ಅನ್ನುವ ಮುಖ.

"ಅಷ್ಟೇನಾ?"

"ಅಲ್ಲಿ ಒಂದು ಗ್ಯಾಪ್ ಬಿಡಬೇಕು ಕಣೇ, ನಾನು ಬೇಗ ಹೇಳಿಬಿಟ್ಟೆ," ಅಂದೆ. "ಇರು, ಇನ್ನೊಂದ್ಸಲ ಹೇಳ್ತೀನಿ. ಇವತ್ತು ಬೆಳಿಗ್ಗೆ ಲಿಫ್ಟ್‌ನಲ್ಲಿ..."